ಕೇಳುವವನ ಕುರ್ಚಿ

ನಮ್ಮ ಅತ್ತೆಯ ಮಾತನ್ನು ಪೂರ್ತಿ ಕೇಳಿದವನು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಅವನೂ ಸರ್ಕಾರದವನು. ಹೆತ್ತ ಮಕ್ಕಳಿಗೆ ಪುರುಸೊತ್ತಿರಲಿಲ್ಲ, ಸೊಸೆಯಾದ ನನಗೆ ಹೊಲಿಗೆ ಮಷೀನಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಕೊನೆಗೆ ಸರ್ಕಾರವೇ ಸಂಬಳ ಕೊಟ್ಟು ಒಬ್ಬನನ್ನು ಕಳಿಸಬೇಕಾಯಿತು. ನಗಬೇಡಿ. ಮೊದಮೊದಲು ನಾನೂ ನಗುತ್ತಿದ್ದೆ.

ನಮ್ಮೂರಲ್ಲಿ ಫೋನು ಇರುವ ಪ್ರತಿ ಮನೆಗೂ ಒಬ್ಬ ಕೇಳುವವನಿದ್ದಾನೆ. ಬೆಳಿಗ್ಗೆ ತನ್ನ ಕುರ್ಚಿಯನ್ನು ತಾನೇ ತಲೆಯ ಮೇಲೆ ಹೊತ್ತು ತರುತ್ತಾನೆ. ಫೋನು ಚಾರ್ಜಿಗೆ ಹಾಕುವ ಗೋಡೆಯ ಪಕ್ಕ ಹಾಕಿಕೊಂಡು ಕೂರುತ್ತಾನೆ. ನಾವು ಏನು ಟೈಪು ಮಾಡಿದರೂ ಅವನ ಮುಂದೆ ಹಿಡಿಯಬೇಕು. ಅವನ ತಲೆ ಮೇಲೆ ಕೆಳಗೆ ಆಡಿತೋ, ಮೆಸೇಜು ಹೋಯಿತು. ಅಡ್ಡಡ್ಡ ಅಲ್ಲಾಡಿತೋ, ನೀವು ಹೆಬ್ಬೆರಳು ಸವೆಯುವ ತನಕ ಒತ್ತಿದರೂ ಹೋಗುವುದಿಲ್ಲ. ಬರುವ ಮೆಸೇಜುಗಳದ್ದೂ ಅದೇ ಪಾಡು. ಕೇಳುವವರಿಗೆ ಸರಿಬರದಿದ್ದರೆ ಕಳಿಸಿದವರ ಹೆಸರಷ್ಟೇ ಉಳಿದು ಕೆಳಗೆ ಬಿಳೀ ಖಾಲಿ ಇರುತ್ತದೆ. ಕೇಳುವವರು ಮಾತಾಡುವಂತಿಲ್ಲ, ಬಾಯಿ ಬಿಟ್ಟರೆ ನೌಕರಿ ಹೋಯಿತು. ಸಂಜೆಯಾದರೆ ಎಲ್ಲರೂ ಗುಡ್ಡದ ಮೇಲಿನ ಕಚೇರಿಗೆ ಹೋಗಿ, ಅಲ್ಲಿರುವ ದೊಡ್ಡ ಹಂಡೆಯ ಮೇಲೆ ತಲೆ ವಾಲಿಸಿ, ಹಗಲೆಲ್ಲ ಕೇಳಿದ್ದನ್ನು ಕಿವಿಯಿಂದ ಸುರಿದು ಖಾಲಿಯಾಗಿ ಮನೆಗೆ ಹೋಗುತ್ತಾರೆ. ಒಂದು ಹನಿಯನ್ನೂ ಉಳಿಸಿಕೊಳ್ಳುವಂತಿಲ್ಲ ಅನ್ನುವುದು ಕಾಯಿದೆ.

ನಾನು ಜಂಪರ್ ಹೊಲಿಯುವವಳು. ಊರ ಹೆಂಗಸರು ತಮ್ಮ ಅಳತೆಗಳನ್ನು ಫೋನಿನಲ್ಲೇ ಕಳಿಸುತ್ತಿದ್ದರು. ಕೇಳುವವರು ಬಂದ ಹೊಸದರಲ್ಲಿ ಎದುರು ಮನೆಯ ಬಸಲಿಂಗವ್ವ ಸೆರಗು ಬಿಗಿದು ನಮ್ಮ ಮನೆಗೆ ನುಗ್ಗಿದಳು. "ಕಸ್ತೂರಕ್ಕಾ, ನನ್ನ ಎದಿ ಸುತ್ತಳತಿ ಸರ್ಕಾರಕ್ಕ ಯಾಕ ಬೇಕು? ಅದೇನು ನನಗ ಜಂಪರ್ ಹೊಲಿಸಿ ಕೊಡತೈತೇನು?" ಅಂತ ಕೇಳುವವನ ಮುಖಕ್ಕೇ ಕೇಳಿದಳು. ಅವನು ಕಿವಿಯ ತನಕ ಕೆಂಪಾಗಿ ನೆಲ ನೋಡಿದ. ಆಮೇಲೆ ಸ್ವಲ್ಪ ದಿನ ಹೆಂಗಸರು ಖುದ್ದು ಬಂದು ನನ್ನ ಕಿವಿಯಲ್ಲಿ ಅಳತೆ ಉಸುರಿ ಹೋದರು. ಆದರೆ ನಾಚಿಕೆ ಅನ್ನುವುದು ಹೊಸ ಚಪ್ಪಲಿ ಇದ್ದಂತೆ, ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ಕಾಲೇ ಅದಕ್ಕೆ ಒಗ್ಗಿಕೊಳ್ಳುತ್ತದೆ. ದೀಪಾವಳಿ ಬರುವ ಹೊತ್ತಿಗೆ ಬಸಲಿಂಗವ್ವನೇ ಫೋನಿನಲ್ಲಿ ಅಳತೆ ಕಳಿಸಿ, "ಒಂದ್ ಬೆರಳು ಸಡ್ಲ ಬಿಡು, ಮೈ ಬಂದೈತಿ" ಅಂತ ಬರೆದಿದ್ದಳು. ಓದಿ ಜೋರಾಗಿ ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಮತ್ತೆ ಊಟದ ಮಾತು. ಮನೆಯೊಳಗೆ ಬಂದು ಕೂತವನನ್ನು ಹಸಿದ ಹೊಟ್ಟೆಯಲ್ಲಿ ಬಿಟ್ಟು ನಾವು ತುತ್ತು ಎತ್ತುವುದು ಹೇಗೆ? ಶತ್ರುವಾದರೂ ಹೊತ್ತಿಗೆ ಸರಿಯಾಗಿ ಬಂದರೆ ತಾಟು ಇಡುವ ಊರು ನಮ್ಮದು. ಹಾಗಾಗಿ ಎಲ್ಲ ಮನೆಗಳಲ್ಲೂ ಅವರಿಗೆ ರೊಟ್ಟಿ, ಪಲ್ಯ, ಮಜ್ಜಿಗೆ ಶುರುವಾಯಿತು. ಉಂಡವರಿಗೆ ನಿದ್ದೆ ಬರುತ್ತದಲ್ಲ, ಕುರ್ಚಿಯ ಮೇಲೇ ತೂಕಡಿಸತೊಡಗಿದರು. ತೂಕಡಿಸುವ ತಲೆ ಮೇಲೆ ಕೆಳಗೆ ಆಡುತ್ತದೆ. ಅದರ ಮುಂದೆ ಫೋನು ಹಿಡಿದರೆ ಮೆಸೇಜು ಹೋಗುತ್ತದೆ! ಇದನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅಂದಿನಿಂದ ಗುಟ್ಟಿನ ಮಾತು ಇರುವ ದಿನ ಮನೆಮನೆಯಲ್ಲಿ ಹೋಳಿಗೆ, ಮೇಲೆ ಕೈ ತುಂಬ ತುಪ್ಪ. ಓಣಿಯಲ್ಲಿ ಹೋಳಿಗೆಯ ವಾಸನೆ ಹೊಡೆಯಿತು ಅಂದರೆ ಆ ಮನೆಯಲ್ಲಿ ಏನೋ ನಡೆದಿದೆ ಅಂತಲೇ ಅರ್ಥ. ಹೊರಗಿನವರು ನಮ್ಮದು ಬಲು ಸುಖದ ಊರು, ದಿನಾ ಹಬ್ಬ ಮಾಡುತ್ತಾರೆ ಅಂದುಕೊಳ್ಳುತ್ತಿದ್ದರು.

ನಮ್ಮ ಮನೆಗೆ ಬಂದವನು ಸಣಕಲ ಹುಡುಗ, ಮೂವತ್ತರ ಆಚೀಚೆ, ತುಂಬು ತೋಳಿನ ಬಿಳಿ ಅಂಗಿ. ಹೆಸರು ಹೇಳುವಂತಿಲ್ಲವಲ್ಲ, ಅತ್ತೆಯೇ ಅವನಿಗೆ ಕೇಳಪ್ಪ ಅಂತ ಹೆಸರಿಟ್ಟರು. ಅತ್ತೆಯ ಹೆಸರು ಫಕೀರವ್ವ. ಕಣ್ಣು ಮಂಜಾಗಿತ್ತು, ಕಾಲು ಸೋತಿತ್ತು, ಬಾಯಿ ಮಾತ್ರ ಹದಿನೆಂಟರ ಹುಡುಗಿಯದು. ಯಾವ ಮಾತು ತೆಗೆದರೂ ಅದು ಹೊಳೆಯ ದಂಡೆಗೇ ಹೋಗಿ ನಿಲ್ಲುತ್ತಿತ್ತು. "ಹೊಳಿ ತುಂಬಿತ್ತು ನೋಡ ಅವತ್ತ…" ಅಂತ ಶುರು ಮಾಡುವುದೇ ತಡ, ನಮ್ಮ ಮನೆಯವರು, "ಯವ್ವಾ, ಸಾವಿರ ಸಲ ಕೇಳೇನಿ, ಬಿಡಬೇ" ಅನ್ನುತ್ತಿದ್ದರು. ನಾನು ಒಲೆ ಕಡೆ ತಿರುಗುತ್ತಿದ್ದೆ. ಹೊಳೆ ತುಂಬಿದ್ದನ್ನು ಸಾವಿರ ಸಲ ಕೇಳಿದ್ದೆವು, ನಿಜ. ಆಮೇಲೆ ಏನಾಯಿತು ಅನ್ನುವುದನ್ನು ಒಂದು ಸಲವೂ ಕೇಳಿರಲಿಲ್ಲ.

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ದಿವಸದ ಊಟಕ್ಕೆ ಮುಂಚೆ ಅವರ ಬಾಳು ಹೇಳಬೇಕು. ಎಲೆ ಹಾಕಿರುತ್ತದೆ, ಬಡಿಸಿರುತ್ತದೆ. ಮನೆಯವರೊಬ್ಬರು ಗೋಡೆಗೆ ಬೆನ್ನು ಕೊಟ್ಟು ಕೂತು ಸತ್ತವರ ಬದುಕನ್ನು ಮೊದಲಿನಿಂದ ಕಡೆಯ ತನಕ ಹೇಳುತ್ತಾರೆ. ಹೇಳಿ ಮುಗಿಯುವ ತನಕ ಯಾರೂ ಅನ್ನಕ್ಕೆ ಕೈ ಹಚ್ಚುವುದಿಲ್ಲ. ಹೇಳದಿದ್ದರೆ ಹೋದ ಜೀವ ಹೊಸ್ತಿಲಲ್ಲೇ ಕೂತಿರುತ್ತದೆ ಅನ್ನುತ್ತಾರೆ. ಅತ್ತೆ ಯಾರ ದಿವಸಕ್ಕೆ ಹೋಗಿ ಬಂದರೂ ನಮ್ಮನ್ನು ಕೆಣಕುತ್ತಿದ್ದರು. "ನಂದು ಯಾರು ಹೇಳ್ತೀರಿ? ಕೇಳಿದ್ರಲ್ಲ ಹೇಳೂದು!" "ನೀವು ನಮ್ಮನ್ನೆಲ್ಲಾ ಕಳಿಸೇ ಹೋಗೂದು, ಸುಮ್ನಿರ್ರಿ ಅತ್ತಿ" ಅಂತ ನಾನೂ ತಿರುಗಿಸಿ ಕೊಡುತ್ತಿದ್ದೆ.

ಇಂಥ ಅತ್ತೆಗೆ ಕೇಳಪ್ಪ ಸಿಕ್ಕ. ಎದ್ದು ಹೋಗುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ, ಕೇಳುವುದೇ ಅವನ ಕೆಲಸ. ಅತ್ತೆ ತಮ್ಮ ಚಾಪೆಯನ್ನು ಎಳೆದುಕೊಂಡು ಹೋಗಿ ಅವನ ಕುರ್ಚಿಯ ಕಾಲ ಬುಡದಲ್ಲೇ ಹಾಸಿಕೊಂಡರು. ಬೆಳಿಗ್ಗೆ ಅವನು ಬರುವುದನ್ನೇ ಕಾಯುತ್ತಿದ್ದರು. "ಬಂದ್ಯೇನಪ್ಪಾ? ನಿನ್ನೆ ಎಲ್ಲಿಗೆ ಬಿಟ್ಟಿದ್ದೆ?" ಅವನು ಎಲ್ಲವನ್ನೂ ಹಂಡೆಗೆ ಸುರಿದು ಬಂದಿರುತ್ತಿದ್ದ, ಎಲ್ಲಿಗೆ ಬಿಟ್ಟಿದ್ದರೆಂದು ಅವನಿಗೆಲ್ಲಿ ಗೊತ್ತು? ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಅವನು ಮತ್ತೆ ಹೊಸದೆಂಬಂತೆ ಕಣ್ಣರಳಿಸಿ ಕೇಳುತ್ತಿದ್ದ. ಮುದುಕಿಗೆ ಇದಕ್ಕಿಂತ ಸ್ವರ್ಗ ಬೇಕೆ! ನಾನು ಮಷೀನು ತುಳಿಯುತ್ತ ನೋಡುತ್ತಿದ್ದೆ. ಅತ್ತೆಯ ಕೈ ಗಾಳಿಯಲ್ಲಿ ಹೊಳೆಯ ಅಲೆ ಮಾಡುತ್ತಿತ್ತು, ಕೇಳಪ್ಪನ ಚಹಾ ಆರುತ್ತಿತ್ತು. ಸದ್ಯ, ನನ್ನ ತಲೆ ತಿನ್ನುವುದು ತಪ್ಪಿತು ಅಂದುಕೊಂಡೆ. ಒಳ್ಳೆಯ ಉಪಕಾರವಾಯಿತು ಅಂತಲೇ ಅಂದುಕೊಂಡೆ.

ಇನ್ನು ನನ್ನ ಮೈದುನ ದ್ಯಾಮಣ್ಣನ ವಿಷಯ ಹೇಳಬೇಕು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸ, ನಮ್ಮ ಮನೆಯ ಅಟ್ಟದ ಮೇಲೆ ವಾಸ. ದಿನವಿಡೀ ಮಂದಿಯ ಮದುವೆಯ ಸುದ್ದಿ ಜೋಡಿಸಿ ಜೋಡಿಸಿ ಅವನಿಗೆ ಬೇರೆ ಸುದ್ದಿ ಬರೆಯುವ ಹುಚ್ಚು ಹತ್ತಿತ್ತು. ಫೋನಿನಲ್ಲಿ ಗೂಗಿ, ಅಂದರೆ ಗೂಬೆ, ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ. ಹೊಸ ಆಸ್ಪತ್ರೆಗೆ ಬೋರ್ಡು ಬಂತು, ಬೀಗ ಬಂತು, ಡಾಕ್ಟರು ಯಾವಾಗ ಬರುತ್ತಾರೆ ಅಂತ ಗೂಗಿ ಕೇಳಿತು. ಕುಡಿಯುವ ನೀರಿನ ಟ್ಯಾಂಕಿನಲ್ಲಿ ಮಂಗ ಸತ್ತು ಬಿದ್ದಿದೆ, ಅಧ್ಯಕ್ಷರ ಮನೆಗೆ ಮಾತ್ರ ಬೇರೆ ಊರಿನ ನೀರು ಬರುತ್ತಿದೆ ಅಂತ ಗೂಗಿ ಹೇಳಿತು. ಊರೆಲ್ಲ ಓದಿ ಬಿದ್ದು ಬಿದ್ದು ನಕ್ಕಿತು, ಆಮೇಲೆ ಟ್ಯಾಂಕಿನ ಮುಂದೆ ಹೋಗಿ ನಿಂತು ಜಗಳ ತೆಗೆಯಿತು. ಮಂಗವನ್ನು ತೆಗೆದರು. ಗೂಗಿಯನ್ನು ಹಿಡಿದು ಕೊಡಬೇಕೆಂದು ಡಂಗುರ ಹೊಡೆಸಿದರು.

ದ್ಯಾಮಣ್ಣ ಬರೆಯುವ ದಿನ ನಾನು ಹೋಳಿಗೆ ಮಾಡುತ್ತಿದ್ದೆ. ಕೇಳಪ್ಪನ ತಲೆ ಆಡಲು ಶುರುವಾದ ಕೂಡಲೇ ಅವನು ಅಟ್ಟದಿಂದ ಬೆಕ್ಕಿನಂತೆ ಇಳಿದು, ಫೋನು ಮುಂದೆ ಹಿಡಿದು ಕಳಿಸಿ, ಮತ್ತೆ ಹತ್ತುತ್ತಿದ್ದ. "ವೈನೀ, ನಿಮ್ಮ ಹೋಳಿಗಿ ಮುಂದ ಸರ್ಕಾರನ ತಲಿ ಬಾಗತೈತಿ ನೋಡ್ರಿ" ಅನ್ನುತ್ತಿದ್ದ. ನಮ್ಮ ಮನೆಯವರು ಹೆದರುಪುಕ್ಕಲು ಮನುಷ್ಯ. ಗೂಗಿ ಅನ್ನುವ ಶಬ್ದವನ್ನು ಬಚ್ಚಲಲ್ಲೂ ಆಡಬಾರದು ಅಂತ ನಮಗೆಲ್ಲ ಆಣೆ ಹಾಕಿಸಿದ್ದರು. ನಾವು ಆಡಲಿಲ್ಲ. ಒಂದಕ್ಷರ ಎಲ್ಲೂ ಬರೆಯಲಿಲ್ಲ, ಫೋನಿನಲ್ಲಿ ಉಸಿರು ಬಿಡಲಿಲ್ಲ. ಆದರೆ ದ್ಯಾಮಣ್ಣ ಬರೆದದ್ದನ್ನೆಲ್ಲ ರಾತ್ರಿ ಅವ್ವನ ಪಕ್ಕ ಕೂತು ಓದಿ ಹೇಳುತ್ತಿದ್ದ. ಅತ್ತೆ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರಿಗೂ ಆಣೆ ಹಾಕಿಸಿದ್ದೆವೋ ಇಲ್ಲವೋ ನೆನಪಿಲ್ಲ. ಅವರ ಮಾತನ್ನು ನಾವೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಬೇರೆಯವರು ಹಿಡಿಯುತ್ತಾರೆಂದು ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ನಾಲ್ಕು ಜನ ಬಂದರು. ಮನೆಯನ್ನು ಹುಡುಕಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ, ನೆಟ್ಟಗೆ ಅಟ್ಟದ ಏಣಿಗೇ ಹೋದರು. ದ್ಯಾಮಣ್ಣ ತಾನಾಗಿಯೇ ಇಳಿದು ಬಂದ. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿ, "ವೈನೀ, ಚಹಾ ಒಲಿ ಮ್ಯಾಲೈತಿ, ಉಕ್ಕತೈತಿ ನೋಡ್ರಿ" ಅಂದ. ನಾನು ಹುಚ್ಚಿಯ ಹಾಗೆ ಓಡಿ ಹೋಗಿ ಚಹಾ ಇಳಿಸಿದೆ. ತಿರುಗಿ ಬರುವಷ್ಟರಲ್ಲಿ ಜೀಪು ಓಣಿ ದಾಟಿತ್ತು.

ಅತ್ತೆ ಚಾಪೆಯ ಮೇಲೆ ಎದ್ದು ಕೂತಿದ್ದರು. ಮುಖ ಅರಳಿತ್ತು. "ಎಲ್ಲಿಗೆ ಕರಕೊಂಡು ಹೋದ್ರು? ಸನ್ಮಾನಕ್ಕೇನು?" ಅಂದರು. ನಮಗೆ ತಲೆಬುಡ ತಿಳಿಯಲಿಲ್ಲ. ಅವರೇ ಹೇಳಿದರು. "ನಾ ಕೇಳಪ್ಪಗ ಹೇಳಿದ್ನಲ್ಲ. ಗೂಗಿ ಅಂದ್ರ ನನ್ನ ಸಣ್ಣ ಮಗನ, ಅಟ್ಟದ ಮ್ಯಾಲೆ ಕುಂತು ಬರೀತಾನ, ಬಾಳ ಶಾಣ್ಯಾ ಅದಾನ, ನಿಮ್ಮ ಸಾಹೇಬರಿಗೂ ಹೇಳಪಾ ಅಂತ. ಹೇಳ್ಯಾನ ನೋಡ್ರಿ ಪಾಪ, ಮರೀಲಿಲ್ಲ."

ನಮ್ಮ ಮನೆಯವರು ಜನ್ಮದಲ್ಲಿ ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಅವತ್ತೂ ಏರು ದನಿಯಲ್ಲಿ ಅನ್ನಲಿಲ್ಲ. "ಯವ್ವಾ, ನೀನ ಹಿಡಿದು ಕೊಟ್ಟಿ ಅವನ್ನ" ಅಂದರು. ಬಾಯಿ ಮುಚ್ಚಲು ನಾನು ಕೈ ಎತ್ತುವಷ್ಟರಲ್ಲಿ ಅಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಮಗನ ಮುಖವನ್ನು ಮಂಜುಗಣ್ಣಿನಿಂದ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಅಲ್ಲ ಅನ್ನಲಿಲ್ಲ. ಅವರು ಚಾಪೆ ಸುತ್ತಿಕೊಂಡು ಹಿತ್ತಲ ಕಡೆಯ ಗೋಡೆಗೆ ಹೋಗಿ ಕೂತರು. ಅಂದಿನಿಂದ ಅವರ ಬಾಯಿಂದ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೇಳಪ್ಪ ಎಂದಿನಂತೆ ಕುರ್ಚಿ ಹೊತ್ತು ಬಂದ. ನನ್ನ ಬಾಯಿ ನಿಮಗೆ ಗೊತ್ತಿಲ್ಲ. "ಉಂಡ ಮನಿಗೆ ಎರಡು ಬಗದ್ಯಲ್ಲೋ! ನಿನ್ನ ನಾಲಗಿಗೆ ನನ್ನ ತುಪ್ಪ ಇನ್ನೂ ಹತ್ತೈತಿ, ನೆಕ್ಕಿ ನೋಡ್ಕೋ!" ಅಂತ ಓಣಿಗೆಲ್ಲ ಕೇಳುವಂತೆ ಅಂದೆ. ಇನ್ನೂ ಏನೇನೋ ಅಂದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಕಿವಿ ಅವನದಲ್ಲ, ವಾಲಿಸಿದರೆ ತಾನೇ ಸುರಿಯುತ್ತದೆ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದರೂ ಅವತ್ತು ತಾಟು ಇಡಲಿಲ್ಲ. ಮರುದಿನವೂ ಇಡಲಿಲ್ಲ. ಆಗ ಅತ್ತೆ ತಮ್ಮ ತಾಟನ್ನು ನೆಲದ ಮೇಲೆ ಸರಸರ ತಳ್ಳಿಕೊಂಡು ಹೋಗಿ ಅವನ ಕಾಲ ಬಳಿ ಇಟ್ಟು, ಏನೂ ಹೇಳದೆ ತಮ್ಮ ಗೋಡೆಗೆ ವಾಪಸಾದರು. ಅವನು ಆ ರೊಟ್ಟಿ ತಿನ್ನುತ್ತ ಅತ್ತ. ಸದ್ದು ಮಾಡದೆ ಅಳುವುದನ್ನೂ ಅವರಿಗೆ ಕಲಿಸಿರುತ್ತಾರೋ ಏನೋ.

ದ್ಯಾಮಣ್ಣನನ್ನು ಗುಡ್ಡದ ಆಚೆ ಇಟ್ಟಿದ್ದಾರೆ ಅಂತ ತಿಳಿಯಿತು. ಯಾವಾಗಲಾದರೊಮ್ಮೆ ಅವನಿಂದ ಮೆಸೇಜು ಬರುತ್ತದೆ. ಮೇಲೆ ಅವನ ಹೆಸರು, ಕೆಳಗೆ ಖಾಲಿ. ನಾನು ಆ ಖಾಲಿಯನ್ನು ಅತ್ತೆಗೆ ತೋರಿಸಿ, "ಆರಾಮ ಅದೇನಿ ಅಂದಾನ್ರಿ ಅತ್ತಿ, ಊಟ ಚೊಲೊ ಐತಂತ" ಅಂತ ಬಾಯಿಗೆ ಬಂದದ್ದು ಓದುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಊಟ ಬೇಕೇ ಅಂದರೆ ಅಡ್ಡಡ್ಡ. ಅತ್ತೆಯೂ ಕೇಳುವವರಂತೆಯೇ ಆಗಿಹೋದರು, ಬರೀ ತಲೆ. ಎಷ್ಟು ಸಲ ಮಷೀನು ನಿಲ್ಲಿಸಿ ಅವರ ಪಕ್ಕ ಹೋಗಿ ಕೂತಿಲ್ಲ ನಾನು! "ಅತ್ತೀ, ಹೊಳಿ ತುಂಬಿತ್ತು. ಆಮ್ಯಾಲೆ? ಆಮ್ಯಾಲೇನಾತು ಹೇಳ್ರಿ, ನನ್ನಾಣಿ." ನನ್ನ ಕೆನ್ನೆ ಸವರುತ್ತಿದ್ದರು, ಅಷ್ಟೇ. ಕೇಳಪ್ಪನೂ ಕುರ್ಚಿಯನ್ನು ಹಿತ್ತಲ ಕಡೆ ತಿರುಗಿಸಿ ಹಾಕಿಕೊಂಡು ಕಾಯುತ್ತಿದ್ದ. ಹಾಗೇ ಒಂದು ದಿನ ಗೋಡೆಗೆ ಒರಗಿದವರು ಒರಗಿದಂತೆಯೇ ಹೋಗಿಬಿಟ್ಟರು.

ದಿವಸ ಹತ್ತಿರ ಬಂತು. ಬಾಳು ಹೇಳುವವರು ಯಾರು? ನಮ್ಮ ಮನೆಯವರಿಗೆ ಗೊತ್ತಿದ್ದದ್ದು ನಾಲ್ಕು ಮಾತು, ನನಗೆ ಅದೂ ಇಲ್ಲ. ನಾನು ತಡೆಯಲಾರದೆ ಗುಡ್ಡ ಹತ್ತಿ ಕಚೇರಿಗೆ ಹೋದೆ. "ನಮ್ಮತ್ತಿ ಆಡಿದ ಮಾತು ನಿಮ್ಮ ಹಂಡ್ಯಾಗ ಅದಾವು. ನೀವು ಇಟ್ಕೊಂಡು ಏನ್ ಮಾಡ್ತೀರಿ? ಒಂದ್ಸಲ ಕೇಳಸ್ರಿ, ಕೇಳಿಕೊಂಡು ಹೋಗ್ತೀನಿ" ಅಂದೆ. ಅಲ್ಲಿದ್ದ ಗುಮಾಸ್ತ ಸಭ್ಯ ಮನುಷ್ಯ, ಕೂರಿಸಿ ನೀರು ಕೊಟ್ಟ. "ಹೆಂಗ್ ಕೊಡೂದ್ರಿ ಅಕ್ಕಾರ? ಅವರ ಖಾಸಗಿ ಮಾತು ಅವು. ಇನ್ನೊಬ್ಬರ ಖಾಸಗಿ ಮಾತು ಮನಿಯವ್ರಿಗಾದ್ರೂ ಹೇಳಂಗಿಲ್ಲ, ತಪ್ಪಾಗತೈತಿ" ಅಂದ. ನಿಜವಾಗಿಯೂ ನನ್ನ ಬಗ್ಗೆ ಮರುಕಪಟ್ಟೇ ಅಂದ. ನೀರು ಕುಡಿದು ಗುಡ್ಡ ಇಳಿದೆ.

ದಿವಸದ ದಿನ ಓಣಿಯವರೆಲ್ಲ ಬಂದರು. ಅವರವರ ಕೇಳುವವರೂ ಕುರ್ಚಿ ಹೊತ್ತು ಬಂದರು, ಅಂಗಳದ ಸುತ್ತ ಗೋಡೆಗುಂಟ ಸಾಲಾಗಿ ಕೂತರು. ಎಲೆ ಹಾಕಿ ಬಡಿಸಿದೆವು. ನಮ್ಮ ಮನೆಯವರು ಗೋಡೆಗೆ ಬೆನ್ನು ಕೊಟ್ಟು ಕೂತು ಗಂಟಲು ಸರಿಮಾಡಿಕೊಂಡರು. "ನಮ್ಮವ್ವ ಹುಟ್ಟಿದ್ದು ಹೊಳಿ ಆಚಿ ದಂಡಿಗೆ. ಲಗ್ನಾಗಿ ಇಲ್ಲಿಗೆ ಬಂದ್ಲು. ನಾವು ಇಬ್ರು ಮಕ್ಕಳು. ರೊಟ್ಟಿ ಬಾಳ ತೆಳ್ಳಗ ಬಡೀತಿದ್ಲು." ನಿಲ್ಲಿಸಿದರು. ಎಲೆಯ ಮೇಲಿನ ಅನ್ನ ಆರುತ್ತಿತ್ತು. ಬಸಲಿಂಗವ್ವನ ಮಾವ, ಮುಂದಿನ ಸಾಲಿನಲ್ಲಿದ್ದ ಮುದುಕ, ಮೆಲ್ಲಗೆ "ಮುಂದ?" ಅಂದ. ನಮ್ಮ ಮನೆಯವರು ನನ್ನ ಕಡೆ ನೋಡಿದರು. ಆ ಕಣ್ಣನ್ನು ಎದುರಿಸಲಾರದೆ ನಾನು ಹೊಸ್ತಿಲ ಕಡೆ ನೋಡಿದೆ. ಅತ್ತೆ ಅಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಾರೆ ಅನ್ನಿಸಿತು.

ಆಗ ಕೇಳಪ್ಪ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಗೋಡೆಗುಂಟ ಕೂತ ಅಷ್ಟೂ ಕೇಳುವವರು ಅವನ ಕಡೆ ತಿರುಗಿದರು. ಅವರ ಕಿವಿಗಳಿಗೆ ಬಿದ್ದದ್ದು ಸಂಜೆ ಎಲ್ಲಿಗೆ ಹೋಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಾಯಿ ತೆರೆದ. ಎಷ್ಟೋ ವರ್ಷ ಮುಚ್ಚಿದ್ದ ದನಿ, ಮೊದಲು ಬರೀ ಗೊರಗೊರ ಅಂತು.

"ಹೊಳಿ ತುಂಬಿತ್ರಿ" ಅಂದ. "ಸಣ್ಣ ಮಗ ಕೂಸಿದ್ದ, ಜ್ವರ ಬಂದಿತ್ತು. ವೈದ್ಯರು ಆಚಿ ದಂಡಿಗೆ. ಅಂಬಿಗ ದೋಣಿ ಬಿಡಲಿಲ್ರಿ. ಅವ್ವಗ ಈಜು ಬರ್ತಿತ್ತು, ಅದು ಅವ್ವನ ಅತ್ತಿ ಮನ್ಯಾಗ ಯಾರಿಗೂ ಗೊತ್ತಿರಲಿಲ್ರಿ. ಕೂಸನ್ನ ಸೀರಿಲೆ ಬೆನ್ನಿಗೆ ಕಟ್ಕೊಂಡು ಈಜಿ ದಾಟಿದ್ರು. ನಡುಹೊಳ್ಯಾಗ ಕೂಸು ಸುಮ್ಮನಾತಂತ್ರಿ. ಅಳಲಿ ಅಂತ ಅವ್ವ ಆ ನೀರಾಗೂ ಅದರ ಕೂಡ ಮಾತಾಡಕೋಂತ, ಮಾತಾಡಕೋಂತ ದಂಡಿ ಮುಟ್ಟಿದ್ರು. ಅವತ್ತಿನಿಂದ ನನಗ ಸುಮ್ನ ಇರಾಕ ಬರೂದಿಲ್ಲಪಾ ಅಂತಿದ್ರು." "ಉಳಿದದ್ದು ನನ್ನ ಹತ್ರ ಇಲ್ರಿ. ಇದೊಂದನ್ನ ನಾ ಸುರಿದಿಲ್ಲ" ಅಂದ.

ನಮ್ಮ ಮನೆಯವರು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಮುಂದಿನ ಸಾಲಿನ ಮುದುಕ ಮೊದಲ ತುತ್ತು ಎತ್ತಿದ, ಆಮೇಲೆ ಎಲ್ಲರೂ ಎತ್ತಿದರು. ಕೇಳಪ್ಪನಿಗೂ ಎಲೆ ಹಾಕಿದೆ, ಅವನು ಹೊಟ್ಟೆ ತುಂಬ ಉಂಡು ಕೈ ತೊಳೆದು ಹೋದ. ಅವನಿಗೆ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ಆದರೆ ಒಳಗಿನಿಂದ ಇನ್ನೊಂದು ಮಾತು ಅಡ್ಡ ಬರುತ್ತಿತ್ತು. ಹೊಳೆಯನ್ನು ಬಚ್ಚಿಟ್ಟುಕೊಳ್ಳಲು ಆದವನಿಗೆ ದ್ಯಾಮಣ್ಣನನ್ನು ಬಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲವೇ? ಕೇಳೋಣವೆಂದು ಬಾಗಿಲಿಗೆ ಬಂದೆ. ಅವನು ಆಗಲೇ ಓಣಿಯ ಕಡೆಯ ತಿರುವಿನಲ್ಲಿದ್ದ. ನಾಳೆ ಕೇಳಿದರಾಯಿತು ಅಂದುಕೊಂಡೆ.

ಮರುದಿನ ಬೇರೆಯವನು ಬಂದ. ಕೇಳಪ್ಪ ಏನಾದ ಅಂತ ಇವನನ್ನು ಕೇಳಿದರೆ ಗೋಡೆ ನೋಡುತ್ತಾನೆ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾನೆ, ಬುತ್ತಿ ತನ್ನ ಮನೆಯಿಂದ ತರುತ್ತಾನೆ, ನಮ್ಮ ಮನೆಯ ನೀರನ್ನೂ ಮುಟ್ಟುವುದಿಲ್ಲ. ಈಗ ಊರ ತುಂಬ ಇಂಥವರೇ ಬಂದಿದ್ದಾರೆ.

ದ್ಯಾಮಣ್ಣನ ಖಾಲಿ ಮೆಸೇಜು ಈಗಲೂ ಬರುತ್ತದೆ. ಅವ್ವ ಹೋದದ್ದು ಅವನಿಗೆ ಯಾರಾದರೂ ಹೇಳಿದರೋ ಇಲ್ಲವೋ. ತನ್ನನ್ನು ಹಿಡಿದು ಕೊಟ್ಟದ್ದು ಯಾರು ಅನ್ನುವುದನ್ನು ಮಾತ್ರ ಹೇಳಿಯೇ ಇರುತ್ತಾರೆ, ಅಂಥದ್ದನ್ನು ಹೇಳಲು ಅವರು ಮರೆಯುವುದಿಲ್ಲ. ಅದಕ್ಕೇ ನಾನು ದಿನಾ ಒಂದೇ ಮಾತು ಟೈಪು ಮಾಡುತ್ತೇನೆ. "ದ್ಯಾಮಣ್ಣ, ನಿನ್ನನ್ನ ಬೆನ್ನಿಗೆ ಕಟ್ಕೊಂಡು ಅವ್ವ ತುಂಬಿದ ಹೊಳಿ ಈಜಿದ್ಲಂತ." ಇದರಲ್ಲಿ ಗೂಗಿ ಇಲ್ಲ, ಟ್ಯಾಂಕಿಲ್ಲ, ಅಧ್ಯಕ್ಷರಿಲ್ಲ. ಹೊಸಬ ಓದುತ್ತಾನೆ, ಇನ್ನೊಮ್ಮೆ ಓದುತ್ತಾನೆ, ತಲೆ ಅಡ್ಡಡ್ಡ ಅಲ್ಲಾಡಿಸುತ್ತಾನೆ.

ಇವತ್ತು ಮತ್ತೆ ಹೋಳಿಗೆ ಮಾಡಿದೆ. ತುಪ್ಪವನ್ನು ಕೈ ತಡೆಯದೆ ಸುರಿದು ಅವನ ಮುಂದೆ ಇಟ್ಟೆ. ಮಧ್ಯಾಹ್ನದ ತನಕ ಕಾದೆ. ಅವನು ತನ್ನ ಬುತ್ತಿ ಬಿಚ್ಚಿ ಉಂಡು, ಕಣ್ಣು ಬಿಟ್ಟುಕೊಂಡೇ ಕೂತ. ಸಂಜೆ ಅವನು ಕುರ್ಚಿ ಹೊತ್ತು ಹೋದ ಮೇಲೆ ಆರಿದ ಹೋಳಿಗೆಯನ್ನು ನಾವು ಗಂಡ ಹೆಂಡತಿ ಇಬ್ಬರೇ ಎದುರುಬದುರು ಕೂತು ತಿಂದೆವು. ಹೊಳೆಯ ಮಾತು ಇನ್ನೂ ನನ್ನ ಫೋನಿನಲ್ಲೇ ಇದೆ.